ಕುಡಿತ ಮತ್ತು ವಾಹನ ಚಾಲನೆ: ಬೆಳೆಗಾರರು ತಿಳಿದಿರಬೇಕಾದ ಲೆಕ್ಕ

ಅಡಿಕೆ ಕೊಯ್ಲು ಆರಂಭವಾಯಿತೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳ ರಸ್ತೆಗಳಿಗೆ ಹಗಲು ರಾತ್ರಿಯೆಂಬ ಭೇದವಿರುವುದಿಲ್ಲ. ಸಂಜೆ ಇಳಿಸಿದ ಹಸಿ ಗೊನೆ ರಾತ್ರಿಯೇ ಸುಲಿಯುವ ಮನೆ ಸೇರಬೇಕು. ಒಣಗಿದ ಮಾಲು ಬೆಳಿಗ್ಗೆ ಬೇಗ ಚನ್ನಗಿರಿಗೋ, ಭೀಮಸಮುದ್ರಕ್ಕೋ, ಶಿವಮೊಗ್ಗಕ್ಕೋ ಹೊರಡಬೇಕು. ಕೊಳವೆ ಬಾವಿಯ ನೀರನ್ನು ನಂಬಿ ತೋಟ ಮಾಡಿದ ಜಗಳೂರಿನ ಬೆಳೆಗಾರರಿಗೆ ಮಾರುಕಟ್ಟೆ ಇನ್ನೂ ದೂರ. ಇತ್ತ ಕಾಫಿ ಹಣ್ಣಿನ ಕಾಲ ಬಂದರೆ ಬಯಲುಸೀಮೆಯ ಊರುಗಳಿಂದ ಆಳುಗಳನ್ನು ತುಂಬಿಕೊಂಡ ವಾಹನಗಳು ಚಿಕ್ಕಮಗಳೂರಿನ ಕಡೆಗೆ ನಸುಕಿನಲ್ಲಿಯೇ ಹೊರಡುತ್ತವೆ. ಹೀಗೆ ನಮ್ಮ ಬೆಳೆಯ ಒಂದು ಭಾಗ ತೋಟದಲ್ಲಿದ್ದರೆ ಇನ್ನೊಂದು ಭಾಗ ಸದಾ ಗಾಲಿಯ ಮೇಲೆಯೇ ಇರುತ್ತದೆ.

ಗಾಲಿಯ ಮೇಲಿನ ಈ ಕೆಲಸದಲ್ಲಿ ಕುಡಿತ ಸೇರಿಕೊಂಡಾಗ ಆಗುವ ಅನಾಹುತಗಳನ್ನು ನಾವೆಲ್ಲರೂ ಕೇಳಿದ್ದೇವೆ. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಇವೆಲ್ಲವೂ ಕುಡಿತದಿಂದಾದ ಸಾವುಗಳಲ್ಲ. ಆದರೆ ಅಪಘಾತದ ಕಾರಣಗಳಲ್ಲಿ ಮನುಷ್ಯನ ಕೈಯಲ್ಲಿಯೇ ಇರುವ, ಹೊರಡುವ ಮುಂಚೆಯೇ ತಪ್ಪಿಸಬಹುದಾದ ಕಾರಣಗಳು ಕೆಲವೇ. ಅವುಗಳಲ್ಲಿ ಇದೂ ಒಂದು.

ಕುಡಿಯುವುದು ಸರಿಯೋ ತಪ್ಪೋ ಎಂಬ ಉಪದೇಶ ಮಾಡುವುದು ಈ ಲೇಖನದ ಉದ್ದೇಶವಲ್ಲ. ಅದನ್ನು ಹೇಳಲು ಹಿರಿಯರೂ ಮಠಾಧೀಶರೂ ಇದ್ದಾರೆ. ಗೊಬ್ಬರದ ಪ್ರಮಾಣ, ಬೋರ್ಡೋ ದ್ರಾವಣದ ಅಳತೆ ಇವುಗಳನ್ನು ಲೆಕ್ಕ ಹಾಕಿ ತಿಳಿದುಕೊಳ್ಳುವ ನಮ್ಮ ಬೆಳೆಗಾರರು, ಮದ್ಯದ ಲೆಕ್ಕವನ್ನೂ ಹಾಗೆಯೇ ತಿಳಿದುಕೊಳ್ಳಲಿ ಎಂಬುದಷ್ಟೇ ನಮ್ಮ ಆಶಯ.

ಹೊಟ್ಟೆಯಿಂದ ತಲೆಗೆ

ಬ್ರಾಂದಿ, ವಿಸ್ಕಿ, ಬಿಯರು, ಹೆಂಡ ಯಾವುದೇ ಆಗಲಿ, ಅಮಲು ತರುವ ವಸ್ತು ಒಂದೇ. ಅದು ಮದ್ಯಸಾರ. ಇದು ಅನ್ನದ ಹಾಗೆ ಜೀರ್ಣವಾಗಬೇಕಾಗಿಲ್ಲ. ಸ್ವಲ್ಪ ಭಾಗ ಜಠರದಿಂದಲೂ ಬಹುಭಾಗ ಸಣ್ಣ ಕರುಳಿನಿಂದಲೂ ನೇರವಾಗಿ ರಕ್ತಕ್ಕೆ ಸೇರುತ್ತದೆ. ಕುಡಿದ ಮೇಲೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ರಕ್ತದಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಅತಿ ಹೆಚ್ಚಿನ ಮಟ್ಟಕ್ಕೆ ಏರುತ್ತದೆ. ಬರಿ ಹೊಟ್ಟೆಯಲ್ಲಿ ಕುಡಿದರೆ ಬೇಗ ಏರುತ್ತದೆ. ಊಟದ ಜೊತೆ ಕುಡಿದರೆ ನಿಧಾನವಾಗಿ ಏರುತ್ತದೆ. ಅಂಗಡಿಯಿಂದ ಹೊರಡುವಾಗ ಸರಿಯಾಗಿಯೇ ಇದ್ದವನು ಅರ್ಧ ದಾರಿಯಲ್ಲಿ ಹತೋಟಿ ತಪ್ಪುವುದಕ್ಕೆ ಇದೇ ಕಾರಣ. ಅವನು ಗಾಡಿ ಹತ್ತಿದಾಗ ಮದ್ಯ ಇನ್ನೂ ಏರುತ್ತಿತ್ತು.

ರಕ್ತದಿಂದ ಅದು ದೇಹದ ನೀರಿನಂಶವಿರುವ ಎಲ್ಲ ಭಾಗಗಳಿಗೂ, ಮುಖ್ಯವಾಗಿ ಮಿದುಳಿಗೂ ಹರಡುತ್ತದೆ. ಅದನ್ನು ದೇಹದಿಂದ ತೆಗೆಯುವ ಕೆಲಸ ಬಹುಪಾಲು ಯಕೃತ್ತಿನದು. ಬೆವರು, ಮೂತ್ರ, ಉಸಿರಿನ ಮೂಲಕ ಹೋಗುವುದು ಅಲ್ಪ ಭಾಗ ಮಾತ್ರ. ಯಕೃತ್ತು ತನ್ನದೇ ಗತಿಯಲ್ಲಿ ಕೆಲಸ ಮಾಡುತ್ತದೆ. ಪ್ರತಿ 100 ಮಿ.ಲೀ. ರಕ್ತದಲ್ಲಿ ಗಂಟೆಗೆ ಸರಾಸರಿ 15 ಮಿ.ಗ್ರಾಂ.ನಷ್ಟು ಮದ್ಯಸಾರ ಇಳಿಯುತ್ತದೆ. ಕೆಲವರಲ್ಲಿ 10, ಕೆಲವರಲ್ಲಿ 20 ಇರಬಹುದು. ನಾವು ಅವಸರಪಟ್ಟ ಮಾತ್ರಕ್ಕೆ ಈ ಗತಿ ಹೆಚ್ಚುವುದಿಲ್ಲ. ಏರುವುದಕ್ಕೆ ಅರ್ಧ ಗಂಟೆ ಸಾಕು, ಇಳಿಯುವುದಕ್ಕೆ ಅರ್ಧ ದಿನ ಬೇಕು ಎಂಬುದನ್ನು ನೆನಪಿಡಬೇಕು.

ಎಷ್ಟು ಕುಡಿದರೆ ಎಷ್ಟು?

ಕಾಯ್ದೆಯ ಪ್ರಕಾರ ಚಾಲಕನ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರ ಇರಕೂಡದು. ಇದು ನಮ್ಮ ಸಾಮಾನ್ಯ ಅಳತೆಯಲ್ಲಿ ಎಷ್ಟಾಗುತ್ತದೆ?

ನಮ್ಮಲ್ಲಿ ಮಾರಾಟವಾಗುವ ಬ್ರಾಂದಿ, ವಿಸ್ಕಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಭಾಗ ಮದ್ಯಸಾರವಿರುತ್ತದೆ. ಹಾಗಾಗಿ 90 ಮಿ.ಲೀ. ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ, 180 ಮಿ.ಲೀ. ಕ್ವಾರ್ಟರಿನಲ್ಲಿ ಸುಮಾರು 61 ಗ್ರಾಂ ಮದ್ಯಸಾರವಿದೆ. ಸ್ವೀಡನ್ನಿನ ವಿಡ್‌ಮಾರ್ಕ್ ಎಂಬ ವಿಜ್ಞಾನಿ 1932ರಲ್ಲಿ ಪ್ರಕಟಿಸಿದ ಸೂತ್ರವನ್ನು ಇಂದಿಗೂ ಈ ಲೆಕ್ಕಕ್ಕೆ ಬಳಸುತ್ತಾರೆ. ದೇಹದ ತೂಕ, ಕುಡಿದ ಮದ್ಯಸಾರದ ತೂಕ ಇವೆರಡು ತಿಳಿದರೆ ರಕ್ತದಲ್ಲಿ ಅದು ಏರಬಹುದಾದ ಮಟ್ಟವನ್ನು ಅಂದಾಜು ಮಾಡಬಹುದು. 60 ಕಿಲೋ ತೂಗುವ ಗಂಡಸಿಗೆ ಈ ಲೆಕ್ಕ ಹೀಗೆ ಬರುತ್ತದೆ (ಎಲ್ಲವೂ 100 ಮಿ.ಲೀ. ರಕ್ತಕ್ಕೆ):

30 ಮಿ.ಲೀ. ಬ್ರಾಂದಿ: ಸುಮಾರು 24 ಮಿ.ಗ್ರಾಂ.
60 ಮಿ.ಲೀ. ಬ್ರಾಂದಿ: ಸುಮಾರು 48 ಮಿ.ಗ್ರಾಂ.
90 ಮಿ.ಲೀ. ಬ್ರಾಂದಿ: ಸುಮಾರು 72 ಮಿ.ಗ್ರಾಂ.
180 ಮಿ.ಲೀ. ಬ್ರಾಂದಿ: ಸುಮಾರು 145 ಮಿ.ಗ್ರಾಂ.
650 ಮಿ.ಲೀ. ಬಿಯರು, ನೂರಕ್ಕೆ 5 ಭಾಗದ್ದು: ಸುಮಾರು 61 ಮಿ.ಗ್ರಾಂ.
650 ಮಿ.ಲೀ. ಸ್ಟ್ರಾಂಗ್ ಬಿಯರು, ನೂರಕ್ಕೆ 8 ಭಾಗದ್ದು: ಸುಮಾರು 98 ಮಿ.ಗ್ರಾಂ.

ಹೊಟ್ಟೆ ತುಂಬ ಉಂಡು ನಿಧಾನವಾಗಿ ಕುಡಿದರೆ ಇದಕ್ಕಿಂತ ಕಡಿಮೆ ಏರಬಹುದು. ತೂಕ ಕಡಿಮೆಯಿದ್ದರೆ ಇನ್ನೂ ಹೆಚ್ಚು ಏರುತ್ತದೆ. ಅದೇ ತೂಕದ ಹೆಂಗಸರಲ್ಲಿ ದೇಹದ ನೀರಿನಂಶ ಕಡಿಮೆಯಿರುವುದರಿಂದ ಪ್ರಮಾಣ ಹೆಚ್ಚಾಗುತ್ತದೆ. ಇದು ಅಂದಾಜೇ ಹೊರತು ಇಷ್ಟು ಕುಡಿಯಬಹುದೆಂಬ ಅನುಮತಿಯಲ್ಲ. ಆದರೂ ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ‘ಬರೀ ಒಂದು ನೈಂಟಿ’ ಎಂದು ಹಗುರವಾಗಿ ಹೇಳುವ ಪ್ಯಾಕೆಟ್ಟು ಕಾಯ್ದೆಯ ಮಿತಿಯನ್ನು ಎರಡು ಪಟ್ಟಿಗೂ ಹೆಚ್ಚು ಮೀರಿಸಬಲ್ಲದು. ಎರಡು, ‘ಬಿಯರು ಏನೂ ಮಾಡುವುದಿಲ್ಲ’ ಎಂಬ ಮಾತು ಸುಳ್ಳು. ಒಂದು ಬಾಟಲಿ ಸ್ಟ್ರಾಂಗ್ ಬಿಯರಿನಲ್ಲಿ ಒಂದು ನೈಂಟಿಗಿಂತ ಹೆಚ್ಚು ಮದ್ಯಸಾರವಿದೆ.

ಚಾಲಕನಲ್ಲಿ ಮೊದಲು ಕೆಡುವುದೇನು?

ಕುಡಿದವನೆಂದರೆ ತೂರಾಡುವವನು, ತೊದಲುವವನು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ಅದು ಕೊನೆಯ ಹಂತ. ನಾಲಿಗೆ ತೊದಲುವ, ಕಾಲು ತಡವರಿಸುವ ಬಹಳ ಮುಂಚೆಯೇ ಬೇರೆ ಸಾಮರ್ಥ್ಯಗಳು ಕುಂದಿರುತ್ತವೆ.

ಮೊದಲನೆಯದು, ಒಂದೇ ಸಲಕ್ಕೆ ಹಲವು ಕಡೆ ಗಮನ ಇಡುವ ಶಕ್ತಿ. ಹೊನ್ನಾಳಿಯಿಂದ ಶಿವಮೊಗ್ಗದ ದಾರಿಯಲ್ಲಿ ರಾತ್ರಿ ಹೋಗುವ ಚಾಲಕ ಎದುರಿನ ಲಾರಿಯ ದೀಪ, ಪಕ್ಕದಲ್ಲಿ ನಡೆದುಹೋಗುವವನು, ಮುಂದೆ ಹಿಂದಿನ ದೀಪವೇ ಇಲ್ಲದೆ ಸಾಗುವ ಟ್ರ್ಯಾಕ್ಟರು, ರಸ್ತೆಯಲ್ಲಿ ಮಲಗಿದ ದನ ಇಷ್ಟನ್ನೂ ಏಕಕಾಲಕ್ಕೆ ನೋಡಬೇಕು. 100 ಮಿ.ಲೀ. ರಕ್ತದಲ್ಲಿ ಮದ್ಯಸಾರ 20 ಮಿ.ಗ್ರಾಂ. ಆಸುಪಾಸಿಗೆ ಬಂದಾಗಲೇ ಈ ಶಕ್ತಿ ಕುಗ್ಗತೊಡಗುತ್ತದೆ. ಆಗ ಅವನು ಒಂದನ್ನು ನೋಡಿದರೆ ಇನ್ನೊಂದನ್ನು ಕಾಣಲಾರ. ಅಪಘಾತವಾದ ಮೇಲೆ ‘ಎಲ್ಲಿಂದ ಬಂದನೋ ಗೊತ್ತಾಗಲಿಲ್ಲ’ ಎನ್ನುವುದು ಎಷ್ಟೋ ಸಲ ನಿಜವಾದ ಮಾತೇ. ಕಣ್ಣ ಮುಂದೆಯೇ ಇದ್ದುದು ಮನಸ್ಸಿಗೆ ತಲುಪಿರುವುದಿಲ್ಲ.

ಎರಡನೆಯದು, ಕಂಡ ಮೇಲೆ ಬ್ರೇಕಿನ ಮೇಲೆ ಕಾಲಿಡಲು ಹಿಡಿಯುವ ಸಮಯ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಬೈಕು ಅಥವಾ ಜೀಪು ಒಂದು ಸೆಕೆಂಡಿಗೆ ಸುಮಾರು 16.7 ಮೀಟರು ಸಾಗುತ್ತದೆ. ಮದ್ಯದಿಂದ ಅರ್ಧ ಸೆಕೆಂಡು ತಡವಾಯಿತೆಂದರೆ 8 ಮೀಟರಿಗೂ ಹೆಚ್ಚು, ಅಂದರೆ ಸುಮಾರು 27 ಅಡಿ, ಬ್ರೇಕು ಮುಟ್ಟದೆಯೇ ಮುಂದೆ ಹೋಗಿರುತ್ತದೆ. 9 ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಒಂದು ಮರದ ಬುಡದಲ್ಲಿ ನಿಂತು ಸಾಲಿನಲ್ಲಿ ಮುಂದಿನ ಮೂರನೆಯ ಮರವನ್ನು ನೋಡಿ. ಆ ದೂರವೇ ಇದು. ರಸ್ತೆಗೆ ಅಡ್ಡ ಬಂದ ಮಗು ಆ ದೂರದೊಳಗೆ ಇದ್ದರೆ ಬ್ರೇಕು ಎಷ್ಟು ಒಳ್ಳೆಯದಾಗಿದ್ದರೂ ಪ್ರಯೋಜನವಿಲ್ಲ. ಹಸಿ ಅಡಿಕೆ ತುಂಬಿದ ಟ್ರೈಲರು ಹಿಂದಿನಿಂದ ತಳ್ಳುತ್ತಿರುವಾಗ ಟ್ರ್ಯಾಕ್ಟರು ನಿಲ್ಲಲು ಮೊದಲೇ ಹೆಚ್ಚು ದೂರ ಬೇಕು. ಅದರ ಮೇಲೆ ಈ ತಡವೂ ಸೇರಿಕೊಳ್ಳುತ್ತದೆ.

ಮೂರನೆಯದು ಎಲ್ಲಕ್ಕಿಂತ ಅಪಾಯಕರವಾದುದು. ಅದು ತನ್ನನ್ನು ತಾನೇ ಅಳೆಯುವ ಶಕ್ತಿಯ ನಾಶ. ಮದ್ಯ ಕೈಕಾಲಿಗಿಂತ ಮೊದಲು ವಿವೇಚನೆಯನ್ನು ಮುಟ್ಟುತ್ತದೆ. ಅಂಜಿಕೆ ಕಡಿಮೆಯಾಗುತ್ತದೆ, ಧೈರ್ಯ ಹೆಚ್ಚುತ್ತದೆ. ಸುಸ್ತಾದವನಿಗೆ ತಾನು ಸುಸ್ತಾಗಿದ್ದೇನೆಂದು ಗೊತ್ತಾಗುತ್ತದೆ. ಕುಡಿದವನಿಗೆ ತಾನು ಎಂದಿಗಿಂತ ಚೆನ್ನಾಗಿದ್ದೇನೆಂದು ತೋರುತ್ತದೆ. ತಕ್ಕಡಿಯೇ ಕೆಟ್ಟಿರುವಾಗ ಅದೇ ತಕ್ಕಡಿಯಿಂದ ಅದರ ದೋಷವನ್ನು ತೂಗಿ ನೋಡುವುದು ಹೇಗೆ? ಆದ್ದರಿಂದ ‘ನನಗೆ ಏನೂ ಆಗಿಲ್ಲ, ನಾನು ಓಡಿಸುತ್ತೇನೆ’ ಎಂಬ ಕುಡಿದವನ ಮಾತಿಗೆ ಬೆಲೆ ಕೊಡಬಾರದು. ಅವನು ಸುಳ್ಳು ಹೇಳುತ್ತಿದ್ದಾನೆಂದಲ್ಲ. ಅವನಿಗೆ ಅದು ತಿಳಿಯುವ ಸ್ಥಿತಿ ಇಲ್ಲ.

ಈ ವಿಷಯದಲ್ಲಿ ದೊಡ್ಡ ಅಧ್ಯಯನವೊಂದನ್ನು ಅಮೆರಿಕದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದಲ್ಲಿ ಬೋರ್ಕೆನ್‌ಸ್ಟೈನ್ ಎಂಬವರು ನಡೆಸಿ 1964ರಲ್ಲಿ ಪ್ರಕಟಿಸಿದರು. ಉಸಿರು ಪರೀಕ್ಷೆಯ ಯಂತ್ರವನ್ನು 1954ರಲ್ಲಿ ರೂಪಿಸಿದವರೂ ಇವರೇ. ಅಪಘಾತಕ್ಕೊಳಗಾದ ಸಾವಿರಾರು ಚಾಲಕರನ್ನೂ, ಅಪಘಾತವಾಗದ ಸಾವಿರಾರು ಚಾಲಕರನ್ನೂ ಪರೀಕ್ಷಿಸಿ ಹೋಲಿಸಿದಾಗ, ರಕ್ತದಲ್ಲಿ ಮದ್ಯ ಏರಿದಂತೆ ಅಪಘಾತದ ಸಂಭವವೂ ಕಡಿದಾಗಿ ಏರುವುದು ಕಂಡುಬಂದಿತು. ಈ ಬಗೆಯ ಅಧ್ಯಯನಗಳ ಆಧಾರದ ಮೇಲೆಯೇ ಅನೇಕ ದೇಶಗಳು ಮಿತಿಯನ್ನು ಗೊತ್ತುಪಡಿಸಿವೆ. ಸ್ವೀಡನ್ನಿನಲ್ಲಿ ಅದು 20 ಮಿ.ಗ್ರಾಂ., ನಮ್ಮ ದೇಶದಲ್ಲಿ 30.

ಕಾಫಿ, ಅಡಿಕೆ, ಮಜ್ಜಿಗೆ

ಕುಡಿದವನಿಗೆ ಒಂದು ಲೋಟ ಸ್ಟ್ರಾಂಗ್ ಕಾಫಿ ಕೊಟ್ಟರೆ ಅಮಲು ಇಳಿಯುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಕಾಫಿ ಬೆಳೆಯುವ ನಾವೇ ಇದು ನಿಜವಲ್ಲವೆಂದು ಹೇಳಬೇಕಾಗಿದೆ. ಕಾಫಿಯಲ್ಲಿರುವ ಕೆಫೀನು ನಿದ್ದೆಯನ್ನು ಸ್ವಲ್ಪ ದೂರ ಮಾಡುತ್ತದೆ. ಆದರೆ ರಕ್ತದಲ್ಲಿರುವ ಮದ್ಯಸಾರ ಒಂದು ಮಿ.ಗ್ರಾಂ.ನಷ್ಟೂ ಅದರಿಂದ ಇಳಿಯುವುದಿಲ್ಲ. ಆಗುವುದಿಷ್ಟೇ, ತೂಕಡಿಸುವ ಕುಡುಕ ಎಚ್ಚರವಿರುವ ಕುಡುಕನಾಗುತ್ತಾನೆ, ತಾನು ಸರಿಹೋದೆನೆಂದು ನಂಬಿ ಗಾಡಿಯ ಕೀಲಿ ಹಿಡಿಯುತ್ತಾನೆ. ಕೆಫೀನು ಅಮಲಿನ ಲಕ್ಷಣಗಳನ್ನು ಮರೆಮಾಡುತ್ತದೆಂಬ ಕಾರಣದಿಂದಲೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2010ರ ನವೆಂಬರಿನಲ್ಲಿ ಕೆಫೀನು ಬೆರೆಸಿದ ಮದ್ಯ ತಯಾರಿಸುತ್ತಿದ್ದ ನಾಲ್ಕು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕೊಟ್ಟಿತು.

ಎಲೆ ಅಡಿಕೆಯ ಮಾತೂ ಇಷ್ಟೇ. ಅಡಿಕೆ ಅಗಿದರೆ ಬಾಯಿಯ ವಾಸನೆ ಮರೆಯಾಗಬಹುದು, ಮೈ ಬೆಚ್ಚಗಾಗಿ ಚುರುಕೆನಿಸಬಹುದು. ಆದರೆ ಪೊಲೀಸರ ಉಸಿರು ಪರೀಕ್ಷೆಯ ಯಂತ್ರ ಬಾಯಿಯ ವಾಸನೆಯನ್ನು ಅಳೆಯುವುದಿಲ್ಲ. ಶ್ವಾಸಕೋಶದ ಆಳದಲ್ಲಿ ರಕ್ತದಿಂದ ಮದ್ಯಸಾರ ಉಸಿರಿಗೆ ಸೇರುತ್ತಿರುತ್ತದೆ. ಸುಮಾರು 2,100 ಮಿ.ಲೀ. ಉಸಿರಿನಲ್ಲಿ ಇರುವಷ್ಟು ಮದ್ಯಸಾರ 1 ಮಿ.ಲೀ. ರಕ್ತದಲ್ಲಿದೆ ಎಂಬ ಲೆಕ್ಕದ ಮೇಲೆ ಯಂತ್ರ ಕೆಲಸ ಮಾಡುತ್ತದೆ. ಏಲಕ್ಕಿ, ಸೋಂಪು, ಗುಟ್ಕಾ ಯಾವುದೂ ಆ ಉಸಿರನ್ನು ಬದಲಾಯಿಸಲಾರವು.

ಮಜ್ಜಿಗೆ, ನಿಂಬೆಹಣ್ಣು, ತಲೆಗೆ ತಣ್ಣೀರು, ವಾಂತಿ ಇವೂ ಹಾಗೆಯೇ. ವಾಂತಿಯಿಂದ ಹೊಟ್ಟೆಯಲ್ಲಿ ಉಳಿದದ್ದು ಹೊರಬಂದೀತು. ರಕ್ತಕ್ಕೆ ಸೇರಿದ್ದು ಬಾರದು. ಅಮಲಿಗೆ ಇರುವ ಔಷಧ ಗಡಿಯಾರ ಒಂದೇ.

ಬೆಳಗಿನ ಜಾವದ ಚಾಲಕ

ನಮ್ಮ ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಭಾಗ ಇದು. ರಾತ್ರಿ ಕುಡಿದು ಗಾಡಿ ಓಡಿಸುವವನು ತಪ್ಪು ಮಾಡುತ್ತಿದ್ದಾನೆಂದು ಎಲ್ಲರಿಗೂ ಗೊತ್ತು. ಆದರೆ ರಾತ್ರಿ ಕುಡಿದು, ಉಂಡು, ಮಲಗಿ, ಬೆಳಿಗ್ಗೆ ಎದ್ದು ಮುಖ ತೊಳೆದು ಹೊರಡುವವನನ್ನು ಯಾರೂ ಅನುಮಾನಿಸುವುದಿಲ್ಲ. ಅವನಿಗೂ ತನ್ನ ಮೇಲೆ ಅನುಮಾನವಿರುವುದಿಲ್ಲ.

ಮೇಲೆ ಕೊಟ್ಟ ಲೆಕ್ಕವನ್ನೇ ಮುಂದುವರಿಸೋಣ. 60 ಕಿಲೋ ತೂಕದ ಚಾಲಕ ರಾತ್ರಿ 10 ಗಂಟೆಗೆ ಒಂದು ಕ್ವಾರ್ಟರು ಕುಡಿದನೆನ್ನಿ. ರಕ್ತದಲ್ಲಿ ಸುಮಾರು 145 ಮಿ.ಗ್ರಾಂ. ಗಂಟೆಗೆ 15ರಂತೆ ಇಳಿದರೆ ಬೆಳಗಿನ ಜಾವ 5 ಗಂಟೆಗೆ, ಏಳು ಗಂಟೆಗಳಲ್ಲಿ 105 ಇಳಿದು ಇನ್ನೂ 40 ಉಳಿದಿರುತ್ತದೆ. ಇದು ಕಾಯ್ದೆಯ ಮಿತಿಗಿಂತ ಹೆಚ್ಚು. ಪೂರ್ತಿ ಇಳಿಯಬೇಕಾದರೆ ಬೆಳಿಗ್ಗೆ 8 ಗಂಟೆಯ ಹತ್ತಿರವಾಗುತ್ತದೆ. ಅವನು ಕ್ವಾರ್ಟರಿನ ಮೇಲೆ ಇನ್ನೊಂದು ನೈಂಟಿ ಹಾಕಿದ್ದರೆ ಮಧ್ಯಾಹ್ನದವರೆಗೂ ರಕ್ತದಲ್ಲಿ ಮದ್ಯ ಇರುತ್ತದೆ. ನಿದ್ದೆ ಈ ಇಳಿಕೆಯನ್ನು ಬೇಗ ಮಾಡುವುದಿಲ್ಲ. ಜೊತೆಗೆ ಮದ್ಯ ಕುಡಿದು ಮಲಗಿದವನ ನಿದ್ದೆ ಗಾಢವಾಗಿರುವುದಿಲ್ಲ. ಆದ್ದರಿಂದ ಬೆಳಗಿನ ಜಾವ ಅವನಲ್ಲಿ ಅಮಲಿನ ಶೇಷವೂ ನಿದ್ದೆಯ ಕೊರತೆಯೂ ಒಟ್ಟಿಗೆ ಇರುತ್ತವೆ.

ನಮ್ಮ ಕೆಲಸಗಳೆಲ್ಲ ಆರಂಭವಾಗುವುದು ಆ ಹೊತ್ತಿಗೇ. ಸಂತೇಬೆನ್ನೂರು, ಚನ್ನಗಿರಿ ಕಡೆಯ ಗೊನೆ ತೆಗೆಯುವ ಆಳುಗಳನ್ನು ತೋಟಕ್ಕೆ ತರುವ ಗೂಡ್ಸ್ ಗಾಡಿ ಹೊರಡುವುದು ಆಗಲೇ. ಬಿಳಿಚೋಡಿನ ಮೇಲೆ ದಾವಣಗೆರೆಗೆ ಹೋಗುವ ಜಗಳೂರಿನ ರೈತ, ಸವಳಂಗದ ಮೇಲೆ ಶಿವಮೊಗ್ಗಕ್ಕೆ ಹೋಗುವ ನ್ಯಾಮತಿಯ ರೈತ ಹೊರಡುವುದೂ ಆಗಲೇ. ಭದ್ರಾ ನಾಲೆ, ತುಂಗಾ ನಾಲೆಗಳ ಏರಿಯ ಮೇಲಿನ ದಾರಿಗಳಲ್ಲಿ ತಡೆಗೋಡೆ ಇಲ್ಲದ ಕಡೆ, ಮಂಜು ಮುಸುಕಿದ ಹೊತ್ತಿನಲ್ಲಿ, ಒಂದು ಗಾಲಿಯ ಅಗಲದಷ್ಟು ತಪ್ಪಿದರೂ ಗಾಡಿ ನೀರಿಗೆ ಬೀಳುತ್ತದೆ. ತರೀಕೆರೆಯಿಂದ ಮೇಲಕ್ಕೆ ಕಾಫಿ ಸೀಮೆಗೆ ಹೋಗುವವರಿಗೆ ಘಟ್ಟದ ತಿರುವುಗಳು ಬೇರೆ. ಗಾಡಿಯಲ್ಲಿ ಹಿಂದೆ ಕುಳಿತ ಹತ್ತು ಹದಿನೈದು ಆಳುಗಳು ಚಾಲಕನನ್ನು ನಂಬಿ ಹತ್ತಿರುತ್ತಾರೆ. ಅವರಲ್ಲಿ ಬಹಳ ಜನ ಹೆಂಗಸರು.

ಕಾಯ್ದೆ ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮು ಕುಡಿದು ವಾಹನ ಓಡಿಸುವುದನ್ನು ಅಪರಾಧವೆನ್ನುತ್ತದೆ. 30 ಮಿ.ಗ್ರಾಂ. ಮಿತಿ ಅದಕ್ಕೆ ಸೇರಿದ್ದು 1994ರ ತಿದ್ದುಪಡಿಯಿಂದ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ; ಮತ್ತೊಮ್ಮೆ ಮಾಡಿದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. ಇದು ರಸ್ತೆಯಲ್ಲಿಯೇ ರಸೀತಿ ಪಡೆದು ಮುಗಿಸುವ ಪ್ರಕರಣವಲ್ಲ, ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಲೈಸೆನ್ಸು ಅಮಾನತಾಗುವ ಸಂಭವವೂ ಇದೆ. ಉಸಿರು ಪರೀಕ್ಷೆಗೆ ಒಪ್ಪದಿದ್ದರೆ ಪಾರಾದೆವೆಂದು ತಿಳಿಯಬೇಡಿ. ಕಾರಣವಿಲ್ಲದೆ ನಿರಾಕರಿಸಿದ್ದೇ ಚಾಲಕನ ವಿರುದ್ಧ ಸಾಕ್ಷ್ಯವಾಗಬಹುದೆಂದು 205ನೆಯ ಕಲಮು ಹೇಳುತ್ತದೆ.

ಗಾಡಿಯ ಮಾಲೀಕರು ಓದಬೇಕಾದ ಕಲಮು 188. ಕುಡಿದು ಚಾಲನೆ ಮಾಡುವ ಅಪರಾಧಕ್ಕೆ ಯಾರು ಕುಮ್ಮಕ್ಕು ಕೊಡುತ್ತಾರೋ ಅವರಿಗೂ ಅದೇ ಶಿಕ್ಷೆ. ಚಾಲಕ ಕುಡಿದಿದ್ದಾನೆಂದು ತಿಳಿದೂ ‘ಪರವಾಗಿಲ್ಲ ಹೋಗು, ಮಾಲು ಬೇಗ ಮುಟ್ಟಬೇಕು’ ಎಂದು ಕಳುಹಿಸುವ ತೋಟದ ಯಜಮಾನನಾಗಲಿ, ಖೇಣಿದಾರನಾಗಲಿ ಇದನ್ನು ಮರೆಯಬಾರದು.

ಸಾವು ಸಂಭವಿಸಿದರೆ ವಿಷಯ ಇನ್ನೂ ಗಂಭೀರ. 2006ರ ನವೆಂಬರ್ 12ರ ನಸುಕಿನಲ್ಲಿ ಮುಂಬಯಿಯ ಕಾರ್ಟರ್ ರಸ್ತೆಯಲ್ಲಿ ಕುಡಿದಿದ್ದ ಯುವಕನೊಬ್ಬ ಓಡಿಸುತ್ತಿದ್ದ ಕಾರು ಕಾಲುದಾರಿಯ ಮೇಲೆ ಮಲಗಿದ್ದ ಕೂಲಿ ಕಾರ್ಮಿಕರ ಮೇಲೆ ಹರಿದು ಏಳು ಜನ ಸತ್ತರು. ಅವನ ರಕ್ತದಲ್ಲಿ ಕಂಡುಬಂದ ಮದ್ಯಸಾರ 100 ಮಿ.ಲೀ.ಗೆ 112 ಮಿ.ಗ್ರಾಂ. ನಮ್ಮ ಲೆಕ್ಕದಲ್ಲಿ ಇದು ಒಂದು ಕ್ವಾರ್ಟರಿನ ಮಟ್ಟಕ್ಕಿಂತಲೂ ಕಡಿಮೆ. ಇದು ಬರೀ ಅಜಾಗರೂಕತೆಯಲ್ಲ, ಸಾವು ಸಂಭವಿಸಬಹುದೆಂಬ ಅರಿವಿದ್ದೂ ಮಾಡಿದ ಕೃತ್ಯವೆಂದು ಉಚ್ಚ ನ್ಯಾಯಾಲಯ ಮೂರು ವರ್ಷ ಸೆರೆವಾಸ ವಿಧಿಸಿತು. 2012ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ರಸ್ತೆ ಬದಿಯ ಮದ್ಯದಂಗಡಿಗಳ ವಿಷಯವೂ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರಿನೊಳಗೆ ಮದ್ಯದಂಗಡಿ ಇರಕೂಡದೆಂದು 2016ರ ಡಿಸೆಂಬರ್ 15ರಂದು ಅದು ಆಜ್ಞೆ ಮಾಡಿತು. ಮರುವರ್ಷ ಸಣ್ಣ ಊರುಗಳಿಗೆ ಈ ದೂರ 220 ಮೀಟರಾಯಿತು, ಪಟ್ಟಣಗಳಿಗೆ ಸಡಿಲಿಕೆಯೂ ದೊರೆಯಿತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆದರೆ ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಇಂದು ಬ್ರಾಂದಿ, ವಿಸ್ಕಿಯ ಪ್ಯಾಕೆಟ್ಟು ಬಂದಿದೆ. ಅಂಗಡಿ ದೂರ ಹೋದರೂ ಪ್ಯಾಕೆಟ್ಟು ಜೇಬಿನಲ್ಲಿ ಬರುತ್ತದೆ. ಆದ್ದರಿಂದ ಕೊನೆಯ ಕಾವಲು ನಾವೇ.

ವಿಮೆ ಮತ್ತು ತೋಟ

‘ಗಾಡಿಗೆ ಇನ್ಶೂರೆನ್ಸ್ ಇದೆ’ ಎಂದು ನಿಶ್ಚಿಂತರಾಗಿರುವವರು ಪಾಲಿಸಿಯ ಷರತ್ತುಗಳನ್ನು ಓದಿಸಿ ನೋಡಬೇಕು. ಚಾಲಕ ಮದ್ಯದ ಅಮಲಿನಲ್ಲಿದ್ದರೆ ಗಾಡಿಯ ನಷ್ಟವನ್ನು ಕೊಡಲಾಗದೆಂಬ ಷರತ್ತು ಅದರಲ್ಲಿರುತ್ತದೆ. 2021ರ ಏಪ್ರಿಲ್ 12ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಷರತ್ತನ್ನು ಎತ್ತಿಹಿಡಿದು, ರಕ್ತ ಅಥವಾ ಉಸಿರಿನ ಪರೀಕ್ಷೆ ನಡೆಯದಿದ್ದರೂ ಇತರ ಸಂದರ್ಭಗಳಿಂದ ವಿಮಾ ಕಂಪನಿ ಕುಡಿತವನ್ನು ಸಾಬೀತುಪಡಿಸಬಹುದೆಂದು ಹೇಳಿತು. ಮೂರನೆಯವರಿಗೆ ಕೊಡಬೇಕಾದ ಪರಿಹಾರದಲ್ಲಿಯೂ ಕುಡಿದ ಚಾಲನೆಯ ಷರತ್ತನ್ನು ಮುಂದೊಡ್ಡಲು ತಿದ್ದುಪಡಿಯಾದ 150ನೆಯ ಕಲಮು ಕಂಪನಿಗೆ ಅವಕಾಶ ಕೊಟ್ಟಿದೆ. ಷರತ್ತು ಮುರಿದ ಪ್ರಕರಣಗಳಲ್ಲಿ, ಕಂಪನಿ ಮೊದಲು ನೊಂದವರಿಗೆ ಹಣ ಕೊಟ್ಟು ಆಮೇಲೆ ಅದನ್ನು ಗಾಡಿಯ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶ ಕೊಡುವುದುಂಟು.

ಎರಡು ಮೂರು ಎಕರೆಯ ಬೆಳೆಗಾರನಿಗೆ ಇದರ ಅರ್ಥವೇನು? ದುಡಿಯುವ ಒಬ್ಬ ಮನುಷ್ಯನ ಸಾವಿಗೆ ಕೊಡಬೇಕಾದ ಪರಿಹಾರ ಲಕ್ಷಾಂತರ ರೂಪಾಯಿಯಾಗುತ್ತದೆ. ಅದನ್ನು ಎಲ್ಲಿಂದ ತರುವುದು? ಫಲಕ್ಕೆ ಬರಲು ಐದಾರು ವರ್ಷ ಕಾದು, ನೀರಿಲ್ಲದ ಬೇಸಿಗೆಗಳಲ್ಲಿ ಟ್ಯಾಂಕರಿನಲ್ಲಿ ನೀರು ತಂದು ಉಳಿಸಿಕೊಂಡ ತೋಟವನ್ನೇ ಮಾರಬೇಕಾದೀತು. ಟ್ರ್ಯಾಕ್ಟರಿನ ಟ್ರೈಲರು ಮಾಲು ಸಾಗಿಸಲು ಇರುವುದೇ ಹೊರತು ಜನರನ್ನು ಸಾಗಿಸಲು ಅಲ್ಲವೆಂಬುದನ್ನೂ ಇಲ್ಲಿಯೇ ನೆನಪಿಸುತ್ತೇವೆ.

ನಾವು ಮಾಡಬಹುದಾದದ್ದು

ಮದ್ಯ ಮೊದಲು ವಿವೇಚನೆಯನ್ನೇ ಕೆಡಿಸುವುದರಿಂದ, ‘ಕುಡಿದ ಮೇಲೆ ನೋಡೋಣ’ ಎಂಬ ತೀರ್ಮಾನ ತೀರ್ಮಾನವೇ ಅಲ್ಲ. ಕುಡಿಯುವ ಮುಂಚೆಯೇ ಎಲ್ಲವೂ ಗೊತ್ತಾಗಿರಬೇಕು. ಇದಕ್ಕಾಗಿ ನಮ್ಮ ಸದಸ್ಯರು ಕೆಳಗಿನ ಕ್ರಮಗಳನ್ನು ರೂಢಿಗೆ ತರುವುದು ಒಳ್ಳೆಯದು.

1. ಮದುವೆ, ಜಾತ್ರೆ, ಬೀಗರೂಟಗಳಿಗೆ ಹೋಗುವಾಗ ಗಾಡಿ ಓಡಿಸುವವರು ಯಾರೆಂದು ಮನೆಯಲ್ಲಿಯೇ ನಿಶ್ಚಯಿಸಿ. ಅವರು ಆ ದಿನ ಕುಡಿಯಬಾರದು. ಕೀಲಿ ಅವರ ಹತ್ತಿರವೇ ಇರಲಿ.

2. ಬೆಳಿಗ್ಗೆ ಮಾಲು ಅಥವಾ ಆಳುಗಳನ್ನು ಸಾಗಿಸಬೇಕಾದ ಚಾಲಕನಿಗೆ ಹಿಂದಿನ ದಿನವೇ ಹೇಳಿ, ಆ ರಾತ್ರಿ ಕುಡಿಯದಂತೆ ಮಾತು ತೆಗೆದುಕೊಳ್ಳಿ. ಕುಡಿದದ್ದು ತಿಳಿದರೆ ಹೊರಡುವುದನ್ನು ಮುಂದೂಡಿ, ಇಲ್ಲವೆ ಬೇರೆ ಚಾಲಕನನ್ನು ಕರೆಯಿರಿ. ಒಣ ಅಡಿಕೆ ನಾಲ್ಕು ಗಂಟೆ ತಡವಾದರೆ ಕೆಡುವುದಿಲ್ಲ.

3. ಚಾಲಕರ ಬತ್ತೆ, ಭಕ್ಷೀಸುಗಳನ್ನು ಗಾಡಿ ಮರಳಿ ಬಂದ ಮೇಲೆ ಕೊಡಿ. ಕೊಯ್ಲು ಮುಗಿದ ಖುಷಿಗೆ ಆಳುಗಳಿಗೂ ಚಾಲಕರಿಗೂ ಮದ್ಯ ಕೊಡಿಸುವ ಪದ್ಧತಿ ಇರುವ ಕಡೆ ಅದನ್ನು ಬಿಟ್ಟು ಊಟವನ್ನೋ ಬಟ್ಟೆಯನ್ನೋ ಕೊಡುವುದು ಲೇಸು.

4. ಕುಡಿದು ಬಂದ ನೆಂಟನನ್ನಾಗಲಿ ಆಳನ್ನಾಗಲಿ ರಾತ್ರಿ ಬೈಕಿನಲ್ಲಿ ಕಳುಹಿಸಬೇಡಿ. ಜಗಲಿಯ ಮೇಲೆ ಒಂದು ಚಾಪೆ ಹಾಸಿದರೆ ಒಂದು ಜೀವ ಉಳಿಯುತ್ತದೆ. ‘ಬಿಡಣ್ಣ, ಬೆಳಿಗ್ಗೆ ಹೋದರಾಯಿತು’ ಎಂದು ಮನೆಯ ಹೆಂಗಸರು, ಮಕ್ಕಳು ಹೇಳಿದಾಗ ಗಂಡಸರು ಅದನ್ನು ಅವಮಾನವೆಂದು ತಿಳಿಯಬಾರದು.

5. ಕುಡಿದವನು ನಡೆದು ಹೋದರೂ ಅಪಾಯವಿದೆ. ಕತ್ತಲಲ್ಲಿ ಹೆದ್ದಾರಿಯ ಅಂಚಿನಲ್ಲಿ ನಡೆಯುವವನ ಜೊತೆ ಒಬ್ಬರು ಬ್ಯಾಟರಿ ಹಿಡಿದು ಹೋಗಬೇಕು.

6. ಅಪಘಾತ ಕಂಡರೆ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ನೆರವಾದವರನ್ನು ಪೊಲೀಸರು ತೊಂದರೆಪಡಿಸದಂತೆ 2019ರ ತಿದ್ದುಪಡಿಯ 134ಎ ಕಲಮು ರಕ್ಷಣೆ ಕೊಡುತ್ತದೆ.

ದಿನವೂ ಕುಡಿಯದೆ ಇರಲಾಗದ ಸ್ಥಿತಿಗೆ ಬಂದವರಿಗೆ ಬುದ್ಧಿಮಾತಿನಿಂದ ಪ್ರಯೋಜನವಿಲ್ಲ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ಬಹಳ ಕಾಲ ಹೆಚ್ಚು ಕುಡಿದವರು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್ ಬರುವ ಅಪಾಯವಿರುವುದರಿಂದ ವೈದ್ಯರ ಸಲಹೆಯಿಂದಲೇ ಬಿಡಿಸಬೇಕು. ಸರ್ಕಾರದ 14446 ಸಂಖ್ಯೆಗೆ ಹಣವಿಲ್ಲದೆ ಕರೆ ಮಾಡಿ ಸಲಹೆ ಪಡೆಯಬಹುದು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳನ್ನೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ವಿಭಾಗವನ್ನೂ ನಮ್ಮ ಜನ ಬಲ್ಲರು.

ಕೊಳೆರೋಗ ಬಂದ ಮೇಲೆ ಬೋರ್ಡೋ ಹೊಡೆದರೆ ಉದುರಿದ ಕಾಯಿ ಮರಳಿ ಮರಕ್ಕೆ ಹತ್ತುವುದಿಲ್ಲವೆಂದು ನಮಗೆ ಗೊತ್ತು. ಅದಕ್ಕಾಗಿಯೇ ಮಳೆಗೆ ಮುಂಚೆ ಸಿಂಪಡಿಸುತ್ತೇವೆ. ಇಲ್ಲಿಯೂ ಅದೇ ಕ್ರಮ. ಬರುವ ಕೊಯ್ಲಿನ ದಿನಗಳಲ್ಲಿ ಗಾಡಿಯ ಕೀಲಿ ಕೊಡುವ ಮುಂಚೆ ಪ್ರತಿಯೊಬ್ಬ ಸದಸ್ಯರೂ ಚಾಲಕನನ್ನು ಒಂದೇ ಪ್ರಶ್ನೆ ಕೇಳಲಿ: ನಿನ್ನೆ ರಾತ್ರಿ ಎಷ್ಟು, ಎಷ್ಟು ಹೊತ್ತಿಗೆ? ಉತ್ತರ ಬಂದ ಮೇಲೆ ಗಂಟೆಗೆ 15ರಂತೆ ಲೆಕ್ಕ ಹಾಕಿ ನೋಡಲಿ. ಲೆಕ್ಕ ಕೂಡದಿದ್ದರೆ ಕೀಲಿ ಗೂಟದಲ್ಲಿಯೇ ಇರಲಿ.